ಚಾರ್ಜರ್ ಮಸ್ಕಿಯಲ್ಲಿತ್ತು

ನನ್ನ ಗಂಡನ ಮನೆತನದಲ್ಲಿ ಒಂದು ಪದ್ಧತಿ ಇದೆ. ಮನೆಯ ಗಂಡಸು ತೀರಿಕೊಂಡರೆ ಅವನು ಹೊಡೆಯುತ್ತಿದ್ದ ಬಂಡಿಯ ನೊಗ ಇಳಿಸಿ ಅಂಗಳದ ಒಂದು ಮಗ್ಗುಲಿಗೆ ನಿಲ್ಲಿಸುತ್ತಾರೆ. ವರ್ಷದ ಕಾರ್ಯ ಮುಗಿಯುವವರೆಗೆ ಯಾರೂ ಅದನ್ನು ಹತ್ತುವಂತಿಲ್ಲ, ಅಚ್ಚಿಗೆ ಎಣ್ಣೆ ಬಿಡುವಂತಿಲ್ಲ. ಅಮಾವಾಸ್ಯೆಗೊಮ್ಮೆ ವಿಭೂತಿ ಹಚ್ಚಿ, ಮುಂದೆ ದೀಪ ಇಟ್ಟು, ಕಾಯಿ ಒಡೆಯುತ್ತಾರೆ. ಮಾವನವರು ತೀರಿಕೊಂಡ ವರ್ಷ ಮಸ್ಕಿಯ ಮನೆಯಲ್ಲಿ ಆ ದೀಪ ಹಚ್ಚಿದವಳು ನಾನೇ. ಚೆಂದದ ಪದ್ಧತಿ ಅಂತಲೂ ಅನಿಸಿತ್ತು. ಕಟ್ಟಿಗೆಯ ಬಂಡಿ ಒಂದು ವರ್ಷ ನಿಂತರೆ ಅದಕ್ಕೇನೂ ಆಗುವುದಿಲ್ಲ.

ನನ್ನ ಗಂಡ ಹೋದಾಗ ಸಿಂಧನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತಿದ್ದದ್ದು ಬಂಡಿಯಲ್ಲ, ಎಲೆಕ್ಟ್ರಿಕ್ ಸ್ಕೂಟರ್. ಲೈಸೆನ್ಸ್ ಬೇಡದ, ನಿಧಾನಕ್ಕೆ ಓಡುವ ಜಾತಿಯದು. ಓಡಿಸುತ್ತಿದ್ದವಳು ನಾನು. ಶುಗರ್‌ನಿಂದ ಅವರ ಕಣ್ಣು ಮಂಜಾದ ಮೇಲೆ ಕೊಂಡದ್ದು; ಅವರು ಒಂದು ದಿನವೂ ಅದರ ಹ್ಯಾಂಡಲ್ ಹಿಡಿದವರಲ್ಲ. ಹಿಂದೆ ಕೂತು ನನ್ನ ಹೆಗಲ ಮೇಲೆ ಕೈ ಇಟ್ಟು, “ಸ್ಲೋ, ಮೇಡಂ, ಸ್ಲೋ” ಎನ್ನುತ್ತಿದ್ದರು. ಗಾಡಿ ಸೈಕಲ್ಲಿಗಿಂತ ಸ್ವಲ್ಪ ಜೋರು, ಅಷ್ಟೆ. ಕಾಲುವೆ ರಸ್ತೆ ಹಿಡಿದು ಗೊರೇಬಾಳದ ತನಕ ಹೋಗಿ ಭತ್ತದ ಗದ್ದೆಯ ಗಾಳಿ ಕುಡಿದು ಬರುತ್ತಿದ್ದೆವು. “ಮುದುಕಿ ಪೈಲಟ್ ಬಂದ್ಲು, ದಾರಿ ಬಿಡ್ರಲೇ!” ಎಂದು ರೈಸ್‌ಮಿಲ್ಲಿನ ಹಮಾಲರು ಕೂಗಿದರೆ, ನಮ್ಮವರು ಮಂತ್ರಿಯ ಹಾಗೆ ಕೈ ಬೀಸುತ್ತಿದ್ದರು.

ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಟೇಬಲ್ ಮ್ಯಾನರ್ಸ್, ನೀಡಲ್‌ವರ್ಕ್, ಗ್ರಾಮರ್ ಎಲ್ಲ ಕಲಿಸಿದರು. ಯಾರನ್ನೂ ಕೇಳದೆ ಮನೆಯಿಂದ ಹೊರಗೆ ಹೋಗಿಬರುವುದನ್ನು ಮಾತ್ರ ನಾನು ಅರವತ್ತು ದಾಟಿದ ಮೇಲೆ ಆ ಸ್ಕೂಟರಿನಿಂದ ಕಲಿತೆ. ಅವರು ಹಾಸಿಗೆ ಹಿಡಿದ ಮೇಲೆ ಔಷಧಿ, ಬ್ಯಾಂಕು, ಕಾಯಿಪಲ್ಲೆ ಎಲ್ಲಕ್ಕೂ ಅದೇ. ಮುಂದೆ ಒಬ್ಬಳೇ ಬದುಕಬೇಕಾದಾಗಲೂ ಇದೊಂದು ಇರುತ್ತದೆ ಎಂದುಕೊಂಡಿದ್ದೆ.

ಮಣ್ಣು ಮಾಡಿ ಬಂದ ಮರುದಿನ, ಮಸ್ಕಿಯಲ್ಲಿರುವ ನನ್ನ ಮೈದುನ ಸ್ಕೂಟರಿನ ಹ್ಯಾಂಡಲ್ಲಿಗೆ ಹೂವಿನ ಮಾಲೆ ಕಟ್ಟಿದ.

“ವೈನಿ, ಅಣ್ಣನ ಗಾಡಿ ಇನ್ನ ವರ್ಷಾನ ಯಾರೂ ಮುಟ್ಟಂಗಿಲ್ಲ.”

“ಓಡಸಾಕಿ ನಾ ಇದ್ನೆಲ್ಲಪ್ಪಾ. ಅದು ಅಣ್ಣನ ಗಾಡಿ ಹೆಂಗಾತು?”

“ಅಣ್ಣ ಕುಂಡ್ರತಿದ್ದಿಲ್ಲೇನು? ಅಣ್ಣ ಕುಂತದ್ದು ಅಣ್ಣಂದು.”

ಮನೆ ತುಂಬ ನೆಂಟರಿದ್ದರು. ವಾದ ಮಾಡುವ ಶಕ್ತಿ ನನ್ನಲ್ಲಿರಲಿಲ್ಲ. “ಆತು, ಓಡಸೂದಿಲ್ಲ. ಆದ್ರ ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಬೇಕು. ಲಿಥಿಯಂ ಬ್ಯಾಟರಿ ಅದು, ಪೂರಾ ಖಾಲಿ ಬಿಟ್ರ ಸತ್ತ ಹೋಗತೈತಿ. ಮ್ಯಾನ್ಯುಯಲ್‌ನ್ಯಾಗ ಬರದಾರ,” ಅಂದೆ.

“ಅಚ್ಚಿಗೆ ಎಣ್ಣಿ ಬಿಡಬಾರದು ಅಂದಮ್ಯಾಲೆ ಚಾರ್ಜೂ ಹಾಕಬಾರದು. ಎರಡೂ ಒಂದ ಅಲ್ಲೇನ್ರಿ?”

ಹಿರಿಯರು ಹೌದೆಂದು ತಲೆ ಆಡಿಸಿದರು. ಅವನು ಚಾರ್ಜರನ್ನು ಟವೆಲ್ಲಿನಲ್ಲಿ ಸುತ್ತಿ, ಕೀಲಿಯನ್ನೂ ಜೇಬಿಗೆ ಹಾಕಿಕೊಂಡು ಮಸ್ಕಿಗೆ ಒಯ್ದ. “ಇಲ್ಲಿದ್ರ ನಿಮ್ಮ ಕೈ ಸುಮ್ನಿರಂಗಿಲ್ಲ. ಇಂಗ್ಲಿಷ್ ಓದಿದವರು ನೀವು.” ಸಾವಿನ ಮನೆಯಲ್ಲಿ ಮೊದಲ ಸಲ ಜನ ನಕ್ಕರು. ಬ್ಯಾಟರಿ ಸೀಟಿನ ಕೆಳಗಿತ್ತು, ಸೀಟಿಗೂ ಅದೇ ಕೀಲಿ.

ಅಮಾವಾಸ್ಯೆಗೆ ಬಂದ. ಪಡಸಾಲೆಯ ಗಾಳಿಗೆ ಎಣ್ಣೆದೀಪ ನಿಲ್ಲಲಿಲ್ಲ. ಅವನಿಗೊಂದು ಐಡಿಯಾ ಹೊಳೆಯಿತು. ಕೀಲಿ ತಿರುಗಿಸಿ ಸ್ಕೂಟರಿನ ಹೆಡ್‌ಲೈಟನ್ನೇ ಹಚ್ಚಿದ. ಬಂದವರೆಲ್ಲ ಆ ಬೆಳಕಿಗೆ ಕೈಮುಗಿದರು. ಪೂಜೆ ಆಗಿ, ಊಟ ಆಗಿ, ಎಲೆ ಅಡಿಕೆ ಹಾಕಿ ಮುಗಿಯುವವರೆಗೆ ಅದು ಉರಿಯುತ್ತಲೇ ಇತ್ತು. ಹೊಸ ಎಣ್ಣೆ ಹಾಕದೆ ದೀಪ ಉರಿಸಿದರೆ ಕೊನೆಗೆ ಬತ್ತಿಯೇ ಸುಡುತ್ತದೆ ಎಂಬುದು ಅಲ್ಲಿದ್ದ ಯಾವ ಹೆಂಗಸಿಗೆ ಗೊತ್ತಿರಲಿಲ್ಲ?

“ಆ ಲೈಟಾದ್ರೂ ಆರಿಸಪ್ಪಾ.”

“ಅಣ್ಣನ ದೀಪಕ್ಕೂ ಜಿಪುಣತನಾ ಏನ್ರಿ ವೈನಿ?”

ಪ್ರತಿ ಅಮಾವಾಸ್ಯೆಗೂ ಹಾಗೇ ಆಯಿತು. ಸುಗ್ಗಿಯ ಹೊತ್ತಿಗೆ ಒಂದು ಸಲ ಲೈಟು ಮಿಣುಕಿ ತಾನೇ ಆರಿತು. “ಅಣ್ಣಗ ಶಾಂತಿ ಸಿಕ್ತು,” ಎಂದು ಅವನು ಕಣ್ಣು ಒರೆಸಿಕೊಂಡ. ನಾನೂ ಒರೆಸಿಕೊಂಡೆ, ಬೇರೆ ಕಾರಣಕ್ಕೆ.

ಆ ವರ್ಷವೆಲ್ಲ ನಾನು ಹೊರಗೆ ಹೋದದ್ದು ಕೇಳಿ ಕೇಳಿ. ಪಕ್ಕದ ಮನೆಯವರ ಬೈಕು, ತುಂಬಿದ ಆಟೊ. ಪ್ರತಿ ಸಲವೂ “ಎಲ್ಲಿಗ್ರೀ? ಯಾಕ್ರೀ?” ಎಂಬುದಕ್ಕೆ ಎಕ್ಸ್‌ಪ್ಲನೇಶನ್. ಕಡೆಕಡೆಗೆ ಹೋಗುವುದನ್ನೇ ಬಿಟ್ಟೆ.

ವರ್ಷದ ಕಾರ್ಯ ಮುಗಿದ ದಿನ ಮೈದುನ ಕೀಲಿ, ಚಾರ್ಜರ್ ಎರಡನ್ನೂ ತಾಟಿನಲ್ಲಿಟ್ಟು ಕೊಟ್ಟ. ಹಚ್ಚಿದ ಕೂಡಲೆ ಚಾರ್ಜರಿನಲ್ಲಿ ಹಸಿರು ಲೈಟು. “ನೋಡ್ರಿ, ಫುಲ್ ಐತಿ! ಸುಮ್ನ ಅಂಜಿದ್ರಿ.” ಕೀಲಿ ತಿರುಗಿಸಿದರೆ ಗಾಡಿ ಉಸಿರೆತ್ತಲಿಲ್ಲ. ಸಿಂಧನೂರಿನ ಶೋರೂಮಿನವರು ಹೊಸ ಬ್ಯಾಟರಿಯೊಂದೇ ದಾರಿ ಎಂದರು. ನನ್ನ ಪೆನ್ಶನ್ನಿಗೆ ಅದು ಎಟುಕುವ ಮಾತಲ್ಲ. ಬ್ಯಾಟರಿಯನ್ನು ಅಕ್ಕಿಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಲಿಂಗಸುಗೂರಿಗೆ ಹೋದೆ. ಅಲ್ಲಿ ಬ್ಯಾಟರಿ ರಿಪೇರಿಯ ಸಾಹೇಬರೊಬ್ಬರು ಇದ್ದಾರೆಂದು ಕೇಳಿದ್ದೆ.

ಅವರು ಡಬ್ಬಿ ಬಿಚ್ಚಿ ಮೀಟರ್ ಹಚ್ಚಿದರು. “ಅರೆ ಅಮ್ಮಾ, ಇದನ್ನ ಯಾರು ಹಿಂಗ ಉಪಾಸ ಕೆಡವಿದ್ರು? ಒಳಗಿನ ಬೋರ್ಡು ಬಾಗಲಾ ಹಾಕ್ಕೊಂಡೈತಿ, ಕರೆಂಟ್ ಒಳಗ ಬಿಡವಲ್ದು, ಅದಕ್ಕ ಚಾರ್ಜರ್ ಸುಳ್ಳ ಹಸರು ತೋರಸ್ತೈತಿ. ಏನ್ ಕೆಲಸಾ ಮಾಡತಿದ್ರಿ ನೀವು?”

“ಟೀಚರ್ ಇದ್ದೆ.”

“ಟೀಚರ್ ಆಗಿ ಇಷ್ಟೂ ತಿಳೀಲಿಲ್ಲೇನ್ರಿ?”

ಕಾರಣ ಹೇಳಬೇಕೆಂದರೆ ಮಾವನ ಬಂಡಿಯಿಂದ ಶುರು ಮಾಡಬೇಕಿತ್ತು. “ತಿಳೀಲಿಲ್ರಿ,” ಅಂದೆ. ಇಡೀ ವರ್ಷದಲ್ಲಿ ನನಗೆ ಅತಿ ಕಹಿಯಾದದ್ದು ಆ ಒಂದು ಮಾತು, ಅದೂ ನನ್ನ ಬಾಯಿಂದಲೇ ಬಂದದ್ದು.

ಜೋರು ಕರೆಂಟ್ ಕೊಟ್ಟರೆ ಬೆಂಕಿ ಹತ್ತುತ್ತದೆಂದು ಅವರು ಸೆಲ್ಲುಗಳಿಗೆ ಸಣ್ಣ ಕರೆಂಟನ್ನು ಹನಿ ಹನಿಯಾಗಿ ಕೊಟ್ಟರು, ಬಾಣಂತಿಗೆ ಗಂಜಿ ಕುಡಿಸಿದ ಹಾಗೆ. ಉಬ್ಬಿದವನ್ನು ತೆಗೆದು ಬೇರೆ ಜೋಡಿಸಿದರು. ಕೆಲವು ದಿನ ಬಿಟ್ಟು ಹೋದಾಗ, “ಅರ್ಧ ಜೀವ ಬಂದೈತ್ರಿ,” ಎಂದರು. “ಅರ್ಧಕ್ಕಿಂತ ಕೆಳಗ ಇಳಿಯಾಕ ಬಿಡಬ್ಯಾಡ್ರಿ. ಗಾಡಿ ತಣ್ಣಗಾದ ಮ್ಯಾಲೆ ಚಾರ್ಜಿಗೆ ಹಾಕ್ರಿ. ಹಿಂದ ಯಾರನ್ನೂ ಕುಂದ್ರಿಸಬ್ಯಾಡ್ರಿ, ಲೋಡ್ ತಡಿಯಂಗಿಲ್ಲ.”

ಈಗ ನಾನು ಮತ್ತೆ ಓಡಿಸುತ್ತೇನೆ. ಔಷಧಿ ಅಂಗಡಿ, ಬ್ಯಾಂಕು ಮುಟ್ಟುತ್ತೇನೆ. ಕಾಲುವೆ ರಸ್ತೆಯಲ್ಲಿ ಮಾತ್ರ ನಡುವೆಯೇ ತಿರುಗಬೇಕು. ಮುಂದೆ ಹೋದರೆ ಮನೆ ಮುಟ್ಟುವಷ್ಟರಲ್ಲಿ ಬ್ಯಾಟರಿಯ ಗೆರೆಗಳು ಅರ್ಧಕ್ಕಿಂತ ಕೆಳಗಿಳಿಯುತ್ತವೆ. ಈ ವಯಸ್ಸಿನಲ್ಲಿ ಕಳೆದುಹೋದ ಒಂದು ವರ್ಷಕ್ಕೆ ಇಂಥ ರಿಪೇರಿಯೂ ಇಲ್ಲ.

ಮೊನ್ನೆ ಮೈದುನ ಬಂದಿದ್ದ. ಊಟ ಮಾಡಿ ಹೊರಡುವಾಗ ಬಿಸಿಲು ನೋಡಿ, “ವೈನಿ, ಬಸ್‌ಸ್ಟ್ಯಾಂಡಿಗೆ ಒಂದೀಟು ಬಿಟ್ಟ ಬರ್ರಿ,” ಅಂದ.

“ಡಬಲ್ ಎಳಿಯಂಗಿಲ್ಲಪ್ಪಾ ಅದು.”

“ಅಣ್ಣನ್ನ ಎಳೀತಿತ್ತಲ್ರೀ?”

“ಎಳೀತಿತ್ತು.”

ನಾನು ಗೇಟು ತೆರೆದು ಹಿಡಿದೆ. ಕಡೆಗೆ ಅವನು ಆಟೊ ಕರೆದು ಹತ್ತಿ, ತಲೆ ಹೊರಗೆ ಹಾಕಿ, “ಹೊಸಾ ಬ್ಯಾಟ್ರಿ ಹಾಕಸ್ರಿ ವೈನಿ, ಅಣ್ಣನ ಹೆಸರೀಲೆ,” ಎಂದ.

“ಥ್ಯಾಂಕ್ ಯೂ,” ಎಂದು ಇಂಗ್ಲಿಷಿನಲ್ಲೇ ಹೇಳಿ ಗೇಟು ಹಾಕಿಕೊಂಡೆ.