ಕಡ್ಡಿಯಿಲ್ಲದ ಗೀಟುಗಳು

ಅಣ್ಣನಿಗೆ ಗಿಟಾರ್ ಹೇಗೆ ಬಾರಿಸಬೇಕೆಂದು ಹೇಳುವಷ್ಟು ದೊಡ್ಡವಳು ನಾನಲ್ಲ ಅಂದುಕೊಂಡೆ. ನಾನು ಮಾಡಿದ ತಪ್ಪು ಅದೇ. ಕೇಳಿದವರಿಗೆ ಇದು ಮರ್ಯಾದೆಯ ಮಾತಿನಂತೆ ಕೇಳಿಸುತ್ತದೆ; ಅದಕ್ಕೇ ಇಷ್ಟು ವರ್ಷ ಅದನ್ನೇ ಹೇಳಿಕೊಂಡು ತಿರುಗಿದೆ. ಈಗ ಆ ಮಾತು ನನ್ನ ಬಾಯಲ್ಲೇ ಬಂದರೂ ನನಗೆ ಸಿಟ್ಟು ಬರುತ್ತದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾವು ಸೊಲ್ಲಾಪುರದಲ್ಲಿದ್ದೆವು. ಅಪ್ಪ ಹೋಟಗಿ ಸ್ಟೇಷನ್ನಿನಲ್ಲಿ ಗುಮಾಸ್ತರು, ಬೆಳಿಗ್ಗೆ ಪ್ಯಾಸೆಂಜರ್ ಹಿಡಿದು ಹೋಗಿ ಸಂಜೆ ಬರುವವರು. ಅಣ್ಣ ಊರಿನದೇ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದ. ಚಿಕ್ಕವರಿದ್ದಾಗ ನಮ್ಮ ಓಣಿಯಲ್ಲಿದ್ದ ನಿವೃತ್ತ ಬ್ಯಾಂಡ್ ಮಾಸ್ತರರೊಬ್ಬರ ಹತ್ತಿರ ಇಬ್ಬರೂ ಹೋಗಿದ್ದೆವು. ಅಣ್ಣ ಕಿವಿಯಿಂದ ಕಲಿತ, ನಾನು ಕಣ್ಣಿನಿಂದ ಕಲಿತೆ. ಅಂದರೆ ಅವನಿಗೆ ಬಾರಿಸಲು ಬಂತು, ನನಗೆ ಐದು ಗೆರೆ ಎಳೆದು ಸ್ವರ ಬರೆಯಲು ಬಂತು. ಆಮೇಲೆ ನಾನು ಟೈಪಿಂಗ್, ಕಂಪ್ಯೂಟರ್ ಅಂತ ಕ್ಲಾಸಿಗೆ ಹೋದೆ. ಆರ್ಕೆಸ್ಟ್ರಾದ ಮಾಲಕರು ಸ್ವರಲಿಪಿ ಬರೆಯುವ ಒಂದು ಪ್ರೋಗ್ರಾಂ ಹಾಕಿಸಿ ಕಂಪ್ಯೂಟರ್ ತಂದಾಗ ಅದರ ಮುಂದೆ ನನ್ನನ್ನೇ ಕೂಡಿಸಿದರು.

ಆ ವರ್ಷ ಅಕ್ಕಲಕೋಟೆಗೆ ಬರುವ ಭಕ್ತರಿಗಾಗಿ ಭಜನೆಯ ಕ್ಯಾಸೆಟ್ ಮಾಡುವುದೆಂದು ಮಾಲಕರು ನಿಶ್ಚಯಿಸಿದರು. ಧ್ವನಿಮುದ್ರಣ ಪುಣೆಯಲ್ಲಿ. ಎಲ್ಲರನ್ನೂ ಕರೆದೊಯ್ಯುವುದಿಲ್ಲ, ಐದೇ ಜನ. ಯಾರೆಂಬುದನ್ನು ಪುಣೆಯಿಂದ ಬರುವ ಸಂಗೀತ ಸಂಯೋಜಕರು ಹೇಳುತ್ತಾರೆ. ಇದು ಗೊತ್ತಾದ ದಿನ ಅಪ್ಪ ಊಟದ ತಾಟಿನ ಮುಂದೆ ಕೂತು ಅಣ್ಣನಿಗೆ ಹೇಳಿದರು:

"ನೋಡಪಾ, ಮೂವತ್ತ ತುಂಬಿದ್ವು ನಿನಗ. ಆ ಕ್ಯಾಸೆಟ್‌ನ್ಯಾಗ ನಿನ್ನ ಬಾಜಾ ಕೇಳಿಸ್ತಂದ್ರ ನಾ ಬಾಯಿ ಮುಚ್ಚತೀನಿ, ಮತ್ತ ಅನ್ನಂಗಿಲ್ಲ. ಕೇಳಿಸಲಿಲ್ಲಂದ್ರ ಅಕ್ಕಲಕೋಟಕ್ಕ ಹೋಗಿ ನಿಮ್ಮ ಮಾಮಾನ ಗೊಬ್ಬರದ ಅಂಗಡ್ಯಾಗ ಕೂಡು. ಮಾತ ಕೊಡು."

"ಆತರಿ ಅಪ್ಪಾ," ಅಂದ ಅಣ್ಣ. ಅಷ್ಟು ಧೈರ್ಯ ಅವನಿಗೆ ತನ್ನ ಕೈಯ ಮೇಲೆ.

ಆ ಕೈ ಹಾಗೇ ಇತ್ತು. ಮೇಲಿಂದ ಎರಡು ಹೊಡೆತ, ಅಂಗೈಯಿಂದ ತಂತಿ ಮುಚ್ಚಿ ಒಂದು ಕ್ಷಣ ಸುಮ್ಮನಿರುವುದು, ಕೆಳಗಿನಿಂದ ಚುರುಕಾಗಿ ಒಂದು ಎಳೆತ. ಹಾಡಿನ ಸಾಲನ್ನು ನಾಲ್ಕು ನಾಲ್ಕು ಎಣಿಕೆಯ ಖಾನೆಗಳಾಗಿ ಹಂಚುತ್ತಾರೆ; ಮೂರನೇ ಖಾನೆಗೆ ಬಂದಾಗ ಮಾತ್ರ ಏನೋ ಮಾಡುತ್ತಿದ್ದ. ಹಾಡುವಾಕೆ ಉಸಿರು ತೆಗೆದುಕೊಳ್ಳುವ ಜಾಗ ಅದು. ಅಣ್ಣನ ಕೈ ಆಕೆಗಾಗಿ ನಿಂತು, ಆಕೆ ಬಾಯಿ ತೆರೆಯುವ ಹೊತ್ತಿಗೆ ಮತ್ತೆ ತಾಳದೊಳಗೆ ಬಂದಿರುತ್ತಿತ್ತು. ತಬಲಾದವರು ಪ್ರತಿ ಸಲ "ಭಲೇ ಮಗನ!" ಅನ್ನುತ್ತಿದ್ದರು.

ಗಿಟಾರಿನವನಿಗೆ ಒಂದೊಂದೇ ಸ್ವರ ಬರೆದುಕೊಡುವ ರೂಢಿಯಿಲ್ಲ. ಕೂಡಿಸಿ ಬಾರಿಸಬೇಕಾದ ಸ್ವರಗಳ ಹೆಸರನ್ನು ಮೇಲೆ ಬರೆದು, ಕೆಳಗೆ ಐದು ಗೆರೆಗಳ ಮೇಲೆ ಓರೆಯಾಗಿ ಗೀಟು ಹಾಕುತ್ತಾರೆ. ಆ ಗೀಟಿನಲ್ಲಿ ಎರಡು ಬಗೆ. ಬರೀ ಗೀಟು ಹಾಕಿದರೆ, ಈ ಖಾನೆಯಲ್ಲಿ ಇಷ್ಟು ಎಣಿಕೆ ಇದೆ, ನಿನ್ನ ಮನಸ್ಸಿಗೆ ಬಂದಂತೆ ಬಾರಿಸು ಎಂದರ್ಥ. ಗೀಟಿಗೆ ನೆಟ್ಟಗೆ ಒಂದು ಕಡ್ಡಿ ಹಚ್ಚಿದರೆ, ಇಲ್ಲೇ ಹೊಡೆ, ಇಷ್ಟೇ ಹೊತ್ತು ಹಿಡಿ, ಇಲ್ಲಿ ಬಿಡು ಎಂದು ಅಪ್ಪಣೆ.

ನಾನು ಬರೀ ಗೀಟು ಹಾಕಿದೆ. ಖಾನೆಗೆ ನಾಲ್ಕರಂತೆ, ಎಂಟೂ ಭಜನೆಗೆ, ಹಾಳೆ ಹಾಳೆ ತುಂಬ. ಅಣ್ಣನಿಗೆ ನಾನೇನು ಅಪ್ಪಣೆ ಕೊಡಲಿ? ನಿಜ ಹೇಳಬೇಕೆಂದರೆ ಸೋಮಾರಿತನವೂ ಇತ್ತು. ಕಡ್ಡಿಯ ಗೀಟು ಹಾಕಬೇಕೆಂದರೆ ಮೊದಲು ಸ್ವರ ಬರೆಯಬೇಕು, ಆಮೇಲೆ ಆರಿಸಿ, ಸ್ವರದ ದುಂಡು ತಲೆಯನ್ನು ಗೀಟಾಗಿ ಬದಲಿಸಿ, ಗೆರೆಯ ಮೇಲೆ ಸರಿಯಾಗಿ ಕೂಡಿಸಬೇಕು. ಒಂದೊಂದು ಖಾನೆಗೂ ಪ್ರಾಣ ತಿನ್ನುತ್ತಿತ್ತು. ಬರೀ ಗೀಟಾದರೆ ಒಂದೇ ಏಟಿಗೆ ಇಡೀ ಹಾಡು ತುಂಬಿಬಿಡುತ್ತಿತ್ತು. ಅಣ್ಣನಿಗೆ ಹಾಳೆ ತೋರಿಸಿದೆ. ಅವನು ನಕ್ಕ.

"ಶಾಣ್ಯಾಕಿ ಇದ್ದೀ ತಂಗಿ. ನನ್ನ ಕೈ ಕಟ್ಟಿಲ್ಲ ನೀ."

ಭಾನುವಾರ ಬೆಳಿಗ್ಗೆ ಪುಣೆಯವರು ಬಂದರು. ಎಲ್ಲರೂ ವಾದ್ಯ ಹಿಡಿದು ಕಾಯುತ್ತಿದ್ದರು. ಅಣ್ಣ ಗೋಡೆಯ ಹತ್ತಿರ ಕೂತು, ಗಿಟಾರ್ ತೊಡೆಯ ಮೇಲಿಟ್ಟುಕೊಂಡು, ಮೂರು ಮೂರು ಸಲ ಶ್ರುತಿ ನೋಡುತ್ತಿದ್ದ. ಪುಣೆಯವರಿಗೆ ಮಧ್ಯಾಹ್ನದ ಗಾಡಿಗೇ ಹೊರಡುವ ಅವಸರ. ಮಾಲಕರಿಗೆ ತಮ್ಮ ಹೊಸ ಕಂಪ್ಯೂಟರ್ ತೋರಿಸುವ ಹುಚ್ಚು. ಬಾರಿಸುವುದು ಆಮೇಲೆ ಇರಲಿ, ಮೊದಲು ಇದರಲ್ಲಿ ಕೇಳಿ ಎಂದು ಅವರನ್ನು ನನ್ನ ಪಕ್ಕ ಕೂಡಿಸಿದರು. ನಾನು ಗುಂಡಿ ಒತ್ತಿದೆ.

ಕೊಳಲು ಬಂತು, ವಯೊಲಿನ್ ಬಂತು, ಕೀಬೋರ್ಡ್ ಬಂತು. ಪರದೆಯ ಮೇಲೆ ಗೆರೆ ಸರಿಯುತ್ತ ಅಣ್ಣನ ಗೀಟುಗಳನ್ನೂ ದಾಟುತ್ತ ಹೋಯಿತು. ಅಲ್ಲಿ ಸದ್ದಿಲ್ಲ. ಆ ಪ್ರೋಗ್ರಾಂ ಗೀಟನ್ನು ತೋರಿಸುತ್ತದೆ, ಬಾರಿಸುವುದಿಲ್ಲ. ಅದು ನನಗೆ ಮೊದಲಿನಿಂದಲೂ ಗೊತ್ತಿತ್ತು.

ಪುಣೆಯವರು ಗಿಟಾರಿನ ಹಾಳೆ ಎತ್ತಿ, ತಿರುವಿ ತಿರುವಿ ನೋಡಿದರು.

"ಹ್ಯಾತ ಲಿಹಿಲೇಲಂಚ ನಾಹಿ ಕಾಹಿ," ಅಂದರು. ಇದರಲ್ಲಿ ಬರೆದೇ ಇಲ್ಲವಲ್ಲ ಏನೂ. ಗಿಟಾರ್ ಇಲ್ಲದೆಯೂ ಚೆನ್ನಾಗಿಯೇ ಕೇಳಿಸುತ್ತದೆ, ಕೀಬೋರ್ಡಿನಲ್ಲಿರುವ ತಾಳವನ್ನೇ ಹಾಕಿಬಿಡೋಣ, ಒಬ್ಬ ಮನುಷ್ಯನ ಖರ್ಚು ಉಳಿಯುತ್ತದೆ ಎಂದು ಮರಾಠಿಯಲ್ಲೇ ಮುಂದುವರಿಸಿದರು. ಮಾಲಕರು ನನ್ನ ಮುಖ ನೋಡಿದರು.

ಒಂದು ಮಾತು ಆಡಬೇಕಿತ್ತು. ಒಂದೇ ಸಲ ಅವನು ಬಾರಿಸುವುದನ್ನು ಕೇಳಿರಿ ಅನ್ನಬೇಕಿತ್ತು. ಮರಾಠಿ ನನಗೆ ನೀರು ಕುಡಿದಷ್ಟು ಸಲೀಸು. ಆದರೆ ಅಷ್ಟು ಜನರ ಮುಂದೆ ನನ್ನ ಬರವಣಿಗೆಯಲ್ಲಿ ಏನೂ ಇಲ್ಲ ಅಂದರಲ್ಲ, ಆ ಅವಮಾನದಲ್ಲಿ ನನ್ನ ಕಿವಿ ಬಿಸಿಯಾಗಿತ್ತು. ನಾನು ಏನೂ ಗೊತ್ತಿಲ್ಲದವಳೆಂದು ಅವರು ತಿಳಿಯಬಾರದು, ನನ್ನ ತಲೆಯಲ್ಲಿದ್ದದ್ದು ಅಷ್ಟೇ. "ಹೋ ಸರ್," ಅಂದುಬಿಟ್ಟೆ, ಹೌದು ಅಂತ. ಥೂ ನನ್ನ ಬಾಯಿಗೆ!

ಅಣ್ಣ ನನ್ನನ್ನೊಮ್ಮೆ ನೋಡಿ ಗಿಟಾರನ್ನು ಚೀಲದೊಳಗಿಟ್ಟು ಜಿಪ್ ಎಳೆದ. ಆ ಕೆಲಸವನ್ನು ಅವನು ಬಹಳ ನಿಧಾನವಾಗಿ ಮಾಡಿದ.

ಮನೆಯಲ್ಲಿ ಅಪ್ಪ ಬೈಯಲಿಲ್ಲ. ಬೈದಿದ್ದರೆ ನಾನಾದರೂ ಎದ್ದು ಜಗಳವಾಡುತ್ತಿದ್ದೆ. "ಮಾಮಾಗ ಕಾಗದ ಹಾಕ್ತೀನಿ" ಅಂದರು, ಅಷ್ಟೇ. ಅಣ್ಣ ಮಾತು ಕೊಟ್ಟಿದ್ದ. ಎರಡು ಜೋಡಿ ಅರಿವೆ ತೆಗೆದುಕೊಂಡು ಅಕ್ಕಲಕೋಟೆಯ ಬಸ್ ಹತ್ತಿದ. ಗಿಟಾರ್ ಮನೆಯಲ್ಲೇ ಉಳಿಯಿತು.

ಅವನು ಹೋದ ಮೇಲೆ ನಾನು ಕಡ್ಡಿಯ ಗೀಟು ಹಾಕಲು ಕೂತೆ. ಯಾರಿಗೆ ಬೇಕಿತ್ತು? ಯಾರಿಗೂ ಇಲ್ಲ. ನೆನಪಿನಿಂದ ಮೊದಲ ಖಾನೆ ಬರೆದೆ, ಎರಡನೆಯದು ಬರೆದೆ. ಮೂರನೆಯದು ಬರಲೇ ಇಲ್ಲ. ಕೈ ನಿಲ್ಲುವುದು ಎಷ್ಟು ಹೊತ್ತು, ಮತ್ತೆ ಬರುವುದು ಎಣಿಕೆಯ ಎಷ್ಟನೇ ಪಾಲಿಗೆ? ಹತ್ತಾರು ವರ್ಷ ಪಕ್ಕದ ಕೋಣೆಯಲ್ಲಿ ಕೇಳಿದವಳು ನಾನು. ತಿಂಗಳುಗಟ್ಟಲೆ ತಿದ್ದಿದರೂ ಅದು ಅಣ್ಣನದಾಗಲಿಲ್ಲ. ಕೊನೆಗೆ ಆ ಖಾನೆಯನ್ನು ಖಾಲಿ ಬಿಟ್ಟು, ಹಾಳೆ ಮುದ್ರಿಸಿಕೊಂಡು ಅಕ್ಕಲಕೋಟೆಗೆ ಹೋದೆ.

ಮಾಮಾನ ಅಂಗಡಿಯ ಎದುರಿಗೇ ತೆಂಗಿನಕಾಯಿ, ಊದಿನಕಡ್ಡಿ ಮಾರುವ ಅಂಗಡಿ. ಅಲ್ಲಿ ನಮ್ಮದೇ ಕ್ಯಾಸೆಟ್ ಹಾಕಿದ್ದರು. ಕೀಬೋರ್ಡಿನ ತಾಳ ಟಕ್ ಟಕ್ ಎಂದು ಹೊಡೆದುಕೊಳ್ಳುತ್ತಿತ್ತು. ಅಣ್ಣ ಯೂರಿಯಾ ಚೀಲಗಳ ನಡುವೆ ಸ್ಟೂಲಿನ ಮೇಲೆ ಕೂತಿದ್ದ.

"ಬಾ ತಂಗಿ. ಚಾ ಕುಡಿತೀ?"

"ದಿನಾ ಹಚ್ಚತಾರೇನು ಇದನ್ನ?"

"ಮುಂಜಾನಿಂದ ಸಂಜೀತನ. ಮೂರನೇ ಖಾನಿ ಬಂತಂದ್ರ ಕಿವಿ ಕೊಡ್ತೀನಿ. ಉಸಿರ ತಗೊಳ್ಳಾಕ ಆಕಿಗೆ ಜಾಗಾನ ಇಲ್ಲ, ಪಾಪ."

ನಾನು ಹಾಳೆ ಮುಂದಿಟ್ಟೆ. "ಇದೊಂದ ಹೇಳು ಅಣ್ಣಾ. ಬರಕೋತೀನಿ."

ಅವನ ಬಲಗೈ ಗಾಳಿಯಲ್ಲಿ ಎರಡು ಸಲ ಕೆಳಗಿಳಿಯಿತು. ನಿಂತಿತು. ಮತ್ತೆ ಮೊದಲಿನಿಂದ ಶುರುಮಾಡಿದ, ಮತ್ತೆ ಅಲ್ಲೇ ನಿಂತಿತು. ಬೆರಳುಗಳಿಗೆ ಗೊಬ್ಬರದ ಬಿಳಿ ಪುಡಿ ಮೆತ್ತಿತ್ತು.

"ಕೈಗೆ ಗೊತ್ತಿತ್ತು ತಂಗಿ, ನನಗ ಗೊತ್ತಿದ್ದಿಲ್ಲ," ಅಂದ. ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡು, "ಅವತ್ತ ನೀ ಬರಿಯೂ ಮುಂದ ಕೇಳಿದ್ರ ಕೂತು ತೋರಸ್ತಿದ್ದೆ," ಅಂದ.

ಅವನು ನನ್ನನ್ನು ಅಂದದ್ದು ಅಷ್ಟೇ. ನನಗೆ ಅಲ್ಲೇ ಅಳು ಬಂತು. ಅಷ್ಟರಲ್ಲಿ ವಾಗದರಿಯ ರೈತನೊಬ್ಬ ಬಂದು ಎರಡು ಚೀಲ ಕೇಳಿದ. ಅಣ್ಣ ಎದ್ದು ಒಳಗೆ ಹೋದ. ನಾನು ಸ್ಟೂಲಿನ ಪಕ್ಕದಲ್ಲಿ ಬಿದ್ದಿದ್ದ ಅವನ ಪೆನ್ನು ತೆಗೆದುಕೊಂಡು, ಖಾಲಿ ಇದ್ದ ಮೂರನೇ ಖಾನೆಯಲ್ಲಿ ನಾಲ್ಕು ಬರೀ ಗೀಟು ಎಳೆದು, ಬಸ್ ಸ್ಟ್ಯಾಂಡಿಗೆ ನಡೆದೆ.