ದರ್ಬಾರಿಯ ಮರಗಟ್ಟಿದ ಪಾದ

ನಮ್ಮ ಬೀದಿಯವರೆಲ್ಲ ಅವನನ್ನು ದರ್ಬಾರಿ ಎಂದೇ ಕರೆಯುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಒಂದು ಕಾಲಕ್ಕೆ ರಾಜರು ಕೂತು ಮೆರೆದ ರೈಲು ಈಗ ದುಡ್ಡಿದ್ದವರ ಪ್ರವಾಸದ ರೈಲಾಗಿದೆಯಲ್ಲ, ಅದರ ರಾಜಬೋಗಿಯಲ್ಲಿ ಅವನು ಬಡಿಸುವ ಆಳಾಗಿದ್ದ. ಅದೇ ಬೋಗಿಯಲ್ಲಿ ಅವನ ಅಪ್ಪ ಖುದ್ದು ರಾಜರಿಗೇ ಬಡಿಸಿದ್ದ. ಆ ಹೆಮ್ಮೆ ಅವನ ನಡಿಗೆಯಲ್ಲೇ ಕಾಣುತ್ತಿತ್ತು. ತರಕಾರಿ ತರಲು ಹೊರಟರೂ ಸವಾರಿ ಹೊರಟ ಗತ್ತು.

"ಏನ್ ದರ್ಬಾರಿ, ಈ ಸಲ ರಾಜರು ಯಾರು?" ಎಂದು ಕ್ಷೌರದ ಅಂಗಡಿಯವನು ಕೆಣಕುತ್ತಿದ್ದ.

"ಸೋಪಿನ ಕಾರ್ಖಾನೆ ರಾಜರು ಕಣಪ್ಪ. ರಾಣಿಯವರಿಗೆ ರೈಲು ಹತ್ತಿದ್ರೆ ವಾಂತಿ."

ಆ ಬೋಗಿಗೆ ಒಂದು ಕಟ್ಟಳೆ ಇತ್ತು. ರಾಜರಿಗೆ ಬೆನ್ನು ತೋರಿಸುವಂತಿಲ್ಲ. ಬಡಿಸಿದವನು ತಲೆ ಬಾಗಿಸಿ, ಹಿಂದು ಹಿಂದಕ್ಕೆ ಹೆಜ್ಜೆ ಇಡುತ್ತ ಬಾಗಿಲು ದಾಟಬೇಕು. ತಿರುಗಿ ನೋಡಿದರೆ ಮರ್ಯಾದೆ ಕೆಟ್ಟಂತೆ. ರಾಜ್ಯ ಹೋಯಿತು, ರಾಜರು ಹೋದರು, ಕಟ್ಟಳೆ ಮಾತ್ರ ಗಟ್ಟಿಯಾಗಿ ಕೂತಿತು. ಅದನ್ನು ನೋಡಲೆಂದೇ ಜನ ದುಡ್ಡು ಸುರಿಯುತ್ತಿದ್ದರು.

ಓಡುವ ರೈಲಿನಲ್ಲಿ ಹಿಂದಕ್ಕೆ ನಡೆಯುವುದು ಹುಡುಗಾಟವಲ್ಲ. ಅದಕ್ಕೆಂದೇ ತೆಳು ಚರ್ಮದ ಮೆಟ್ಟು ಕೊಟ್ಟಿದ್ದರು. ರತ್ನಗಂಬಳಿ ಮುಗಿದು ಬರಿ ಹಲಗೆ ಬಂತು, ಹಲಗೆ ಮುಗಿದು ಹೊಸ್ತಿಲ ಹಿತ್ತಾಳೆ ಪಟ್ಟಿ ಬಂತು ಎಂಬುದನ್ನೆಲ್ಲ ಅಂಗಾಲೇ ಹೇಳಬೇಕು. ಇದು ಅಪ್ಪ ಮಗನಿಗೆ ಬಿಟ್ಟುಹೋದ ವಿದ್ಯೆ.

ಆ ಅಂಗಾಲು ಮೂಕವಾದದ್ದು ಮೊದಲು ಹೆಂಡತಿಯ ಕಣ್ಣಿಗೆ ಬಿತ್ತು. ರೈಲು ಷೆಡ್ಡಿನ ಹಿಂದೆ ಅವರದು ಎರಡು ಕೋಣೆಯ ಮನೆ. ಬಚ್ಚಲಲ್ಲಿ ಕಾಲುಚೀಲ ಒಗೆಯಲು ಕೂತವಳಿಗೆ ರಕ್ತ ಕಂಡಿತು. ಅವನನ್ನು ಹಿಡಿದು ಕೂರಿಸಿ ಕಾಲೆತ್ತಿ ನೋಡಿದರೆ, ಕುರ್ಚಿಗೆ ಮಖಮಲ್ಲು ಬಡಿಯುವ ಸಣ್ಣ ಮೊಳೆ ಹಿಮ್ಮಡಿಯಲ್ಲಿ ನೆಟ್ಟಿತ್ತು.

"ಇದೇನ್ರೀ! ಮೊಳೆ ಹೊಕ್ಕಿದೆ, ನೋವಾಗ್ಲಿಲ್ವಾ?"

"ರಾಜರ ಕುರ್ಚಿ ಮೊಳೆ ಕಣೆ. ಅಪ್ಪಣೆ ಕೇಳ್ಕೊಂಡೇ ಒಳಗೆ ಬಂದಿರುತ್ತೆ."

ಅವಳು ನಗಲಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದೆ ಎಂದು ಡಾಕ್ಟರು ಹೇಳಿದ ಮೇಲಂತೂ ಬೆನ್ನಿಗೇ ಬಿದ್ದಳು.

"ಮ್ಯಾನೇಜರಿಗೆ ಹೇಳಿಬಿಡ್ರಿ. ಬೇರೆ ಕೆಲಸ ಕೊಡ್ತಾರೆ."

"ಏನ್ ಕೊಡ್ತಾರೆ? ನಮ್ಮಪ್ಪ ನಿಂತ ಜಾಗ ಬಿಟ್ಟು ಬೋಗುಣಿ ಉಜ್ಜೋಕೆ ಹೋಗಲಾ?"

"ಯಾರಿಗಾದ್ರೂ ಏನಾದ್ರೂ ಆದ್ರೆ?"

"ನಿನ್ನ ಬಾಯಲ್ಲಿ ಒಳ್ಳೇದೇ ಬರಲ್ವಾ? ಈ ಸೀಸನ್ ಒಂದು ಮುಗೀಲಿ."

ಅವನು ಬೇರೆ ಉಪಾಯ ಹೂಡಿದ. ಕಣ್ಣಂಚಿನಲ್ಲೇ ಕುರ್ಚಿಗಳ ಸಾಲು ನೋಡಿಕೊಳ್ಳುವುದು, ಕೊನೆಯ ಕುರ್ಚಿ ದಾಟಿದರೆ ಬಾಗಿಲು ಬಂತೆಂದು ತಿಳಿಯುವುದು. ಹೀಗೇ ಕೆಲವು ಪ್ರಯಾಣ ಸುಸೂತ್ರವಾಗಿ ಮುಗಿದವು. ಸುಸೂತ್ರವಾದದ್ದೇ ಕೆಟ್ಟದ್ದಾಯಿತು, ಭಂಡ ಧೈರ್ಯ ಬಂತು.

ಒಂದು ಸಂಜೆ ರಾಜಬೋಗಿಯಲ್ಲಿ ಪ್ರವಾಸಕ್ಕೆ ಬಂದ ಗಂಡ ಹೆಂಡತಿ ಚಹಾಕ್ಕೆ ಕೂತಿದ್ದರು. ಅವರ ಪುಟ್ಟ ಮಗಳು ದೊಡ್ಡವರ ಮಾತಿಗೆ ಬೇಸತ್ತು, ಕೊನೆಯ ಕುರ್ಚಿಯ ಹಿಂದೆ ನೆಲದ ಮೇಲೆ ಗೋಲಿ ಉರುಳಿಸಿಕೊಂಡು ಆಡುತ್ತಿದ್ದಳು. ದರ್ಬಾರಿ ಚಹಾ ಇಟ್ಟು, ಬಾಗಿ, ಹಿಂದಕ್ಕೆ ಸರಿದ.

ಮಗು ಕಿಟಾರನೆ ಕಿರುಚಿತು. ಕಟ್ಟಳೆಯ ಮನುಷ್ಯ, ತಿರುಗಲಿಲ್ಲ. ಮಗು ಎಲ್ಲೋ ಜಾರಿ ಬಿದ್ದಿರಬೇಕೆಂದುಕೊಂಡು, ತಲೆ ಬಾಗಿಸಿ, ತುಟಿಯ ಮೇಲೆ ನಗು ಇಟ್ಟುಕೊಂಡೇ ನಿಂತ. ಅವನ ಹಿಮ್ಮಡಿ ಮಗುವಿನ ಬೆರಳುಗಳ ಮೇಲಿತ್ತು. ತಾಯಿ ಓಡಿಬಂದು ತೋಳಿಗೆ ಕೈಕೊಟ್ಟು ಪಕ್ಕಕ್ಕೆ ತಳ್ಳಿದಾಗಲೇ ಅವನಿಗೆ ತಿಳಿದದ್ದು.

ಗಲಾಟೆ ಕೇಳಿ ಮ್ಯಾನೇಜರು ಬಂದ. ತಾಯಿ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಮಗುವಿನ ಕೈಗೆ ಒತ್ತುತ್ತಿದ್ದಳು. ಬೆರಳುಗಳು ಆಗಲೇ ನೀಲಿಗಟ್ಟಿದ್ದವು.

"ರೈಲು ಕುಲುಕಿಬಿಡ್ತು ಮೇಡಂ. ಇಲ್ಲೊಂದು ಕೆಟ್ಟ ತಿರುವು" ಎಂದು ಮ್ಯಾನೇಜರು ಕೈಮುಗಿದು, ದರ್ಬಾರಿಯತ್ತ ಕಣ್ಣು ಬಿಟ್ಟ. "ಅಲ್ವೇನಯ್ಯಾ?"

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪನ ಜಾಗವೂ ಉಳಿಯುತ್ತಿತ್ತು. ದರ್ಬಾರಿ ಬಾಯಿ ತೆರೆದ. ಮಗು ಬಿಕ್ಕಳಿಸುತ್ತ ಅವನ ಕಾಲನ್ನೇ ನೋಡುತ್ತಿತ್ತು.

"ರೈಲು ಕುಲುಕಲಿಲ್ಲ ತಾಯಿ. ನನ್ನ ಕಾಲಿಗೆ ಏನು ತಗುಲಿದ್ರೂ ಗೊತ್ತಾಗಲ್ಲ. ಕಾಯಿಲೆ."

"ಯಾವಾಗಿಂದ?"

"ತುಂಬಾ ದಿನ ಆಯ್ತು."

"ಗೊತ್ತಿದ್ದೂ ಹೀಗೆ ಹಿಂದೆ ಹಿಂದೆ ನಡೀತಿದ್ರಾ? ಮಕ್ಕಳು ಮರಿ ಇರೋ ಕಡೆ?"

ಅವನು ತಪ್ಪಾಯ್ತು ಅನ್ನುವಷ್ಟರಲ್ಲಿ ಆಕೆ ಮುಖ ತಿರುಗಿಸಿಕೊಂಡಳು.

ಮುಂದಿನ ನಿಲ್ದಾಣದಲ್ಲಿ ಆ ಕುಟುಂಬ ಆಸ್ಪತ್ರೆಗೆಂದು ಇಳಿಯಿತು. ಇನ್ನೊಂದು ಬಾಗಿಲಿಂದ ದರ್ಬಾರಿಯನ್ನೂ ಸಮವಸ್ತ್ರ ಬಿಚ್ಚಿಸಿ ಇಳಿಸಿದರು. "ಬಾಯಿ ಮುಚ್ಕೊಂಡಿದ್ರೆ ನಿನ್ನ ಗಂಟೇನ್ ಹೋಗ್ತಿತ್ತು?" ಎಂದು ಮ್ಯಾನೇಜರು ಹಲ್ಲು ಕಡಿದ.

ಮನೆಗೆ ಬಂದು ಎಲ್ಲ ಹೇಳಿ, ಹೆಂಡತಿ ಬೈಯಲೆಂದು ಕಾದ. ಅವಳು ಕೇಳಿದ್ದು ಬೇರೆ.

"ಬೆರಳು ಸರಿಹೋಗುತ್ತಂತಾ?"

"ಗೊತ್ತಿಲ್ಲ."

"ಕೇಳ್ಕೊಂಡು ಬರಬಾರ್ದಿತ್ತಾ?"

"ಯಾವ ಮುಖ ಇಟ್ಕೊಂಡು ಕೇಳಲಿ?"

ಆದರೂ ಕೇಳಲು ಹೋದ. ಅತಿಥಿಗಳ ವಿಷಯ ಹೊರಗಿನವರಿಗೆ ಹೇಳುವಂತಿಲ್ಲ ಎಂದು ಕಚೇರಿಯ ಗುಮಾಸ್ತ ತಲೆ ಎತ್ತದೆಯೇ ಹೇಳಿದ. ಹೊರಗಿನವರು ಎಂಬ ಆ ಮಾತನ್ನು ಅರಗಿಸಿಕೊಳ್ಳಲು ದರ್ಬಾರಿಗೆ ಬಹಳ ಹೊತ್ತು ಹಿಡಿಯಿತು.

ಈಗಲೂ ಆ ರೈಲು ಬರುವ ದಿನ ಕೋಲೂರಿಕೊಂಡು ಪ್ಲಾಟ್‌ಫಾರ್ಮಿಗೆ ಹೋಗುತ್ತಾನೆ. ರಾಜಬೋಗಿಯಲ್ಲಿ ಈಗ ಯಾರು ಬಡಿಸುತ್ತಾರೆಂದು ಇಣುಕಿಯೂ ನೋಡುವುದಿಲ್ಲ. ನೇರ ಅಡುಗೆಯವನ ಕಿಟಕಿಗೆ ಹೋಗುತ್ತಾನೆ.

"ಆ ಮಗು ಕೈ ಏನಾಯ್ತಂತೆ? ಏನಾದ್ರೂ ಸುದ್ದಿ ಬಂತಾ?"

"ಬಂದವರು ಬಂದ್ರು, ಹೋದವರು ಹೋದ್ರು. ನಮಗ್ಯಾರು ಹೇಳ್ತಾರಣ್ಣ? ಬಾ, ಚಹಾ ಕುಡಿ."

ದರ್ಬಾರಿ ಚಹಾ ಮುಟ್ಟುವುದಿಲ್ಲ. ಬೋಗಿ ಗುಡಿಸುವವಳು ಇಳಿಯುವುದು ಕಂಡರೆ ಅವಳನ್ನು ಕೇಳಲು ಆ ಕಡೆ ಹೊರಡುತ್ತಾನೆ.