ತಪ್ಪು ನಂದೇ ಬುಡು

ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ, ತುಳಿದವರಿಗಿಂತ ಮೊದಲು ರತ್ನಕ್ಕನೇ ಬಾಯಿ ಬಿಡುತ್ತಿದ್ದಳು. “ಪೋನೀಲೇ, ಓಗ್ಲಿ, ತಪ್ಪು ನಂದೇ ಬುಡಪ್ಪಾ. ಕಾಲು ಚಾಚ್ಕೊಂಡು ಕುಂತಿದ್ದೆ.” ಸೊಸೆ ಸಾರಿಗೆ ಎರಡು ಸಲ ಉಪ್ಪು ಹಾಕಿದರೂ ತಪ್ಪು ಇವಳದೇ, ಪಕ್ಕದಲ್ಲೇ ಇದ್ದು ನೋಡಲಿಲ್ಲವಂತೆ. ನಾನು ಹೊಲಿದ ರವಿಕೆಯ ತೋಳು ಬಿಗಿಯಾದಾಗಲೂ, “ನಾನೇ ಮುದ್ದೆ ತಿಂದೂ ತಿಂದೂ ಊದ್ಕೊಂಡಿದೀನಿ ಬುಡು ಶಾಂತಿ” ಎಂದು ನಕ್ಕಿದ್ದಳು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯ ಕೂಲಿಗಳ ಲೈನು ಮನೆಯಲ್ಲಿ ಹುಟ್ಟಿದವಳು, ನಲ್ಲಿಯ ಮುಂದಿನ ಕೊಡದ ಜಗಳದಲ್ಲೇ ಮಾತು ಕಲಿತವಳು. ನಮ್ಮಲ್ಲಿ ತಪ್ಪು ಮಾಡಿದವರೇ ಒಪ್ಪಿಕೊಳ್ಳುವುದಿಲ್ಲ, ಇನ್ನು ಮಾಡದವರು ಒಪ್ಪಿಕೊಳ್ಳುವುದುಂಟೆ! ಹಾಗಂದರೆ ಅವಳು, “ಮೈನ್ಸ್‌ನೋರಿಗೆ ಬಾಯೇ ಆಸ್ತಿ ಕಣವ್ವಾ” ಎಂದು ಕೆಣಕುತ್ತಿದ್ದಳು. ಕ್ಯಾಸಂಬಳ್ಳಿಯ ಡೇರಿಗೆ ಹಾಲು ಹಾಕಿ ಊರಿಗೆ ಮರಳುವ ಮೊದಲು ನನ್ನ ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ಕೂರುವುದು ಅವಳ ರೂಢಿ. ಕೂತಲ್ಲಿ ಕೈ ಸುಮ್ಮನಿರುತ್ತಿರಲಿಲ್ಲ. ನಾನು ಬೇಡವೆಂದರೂ ರವಿಕೆಗಳನ್ನು ಎಳೆದುಕೊಂಡು ಹುಕ್ಸು ಹೊಲಿದು ಕೊಡುತ್ತಿದ್ದಳು.

ಆ ಕೈಯೇ ಹೋಯಿತು.

ಅವಳ ಗಂಡ ನಾರಾಯಣಪ್ಪ ಬಂಗಾರಪೇಟೆಯಿಂದ ಮೇವು ಕತ್ತರಿಸುವ ಮಿಷನ್ನು ತಂದಿದ್ದ. ಅದಕ್ಕೊಂದು ಗೇರು. ಮುಂದಕ್ಕೆ ಹಾಕಿದರೆ ರೋಲರು ಮೇವನ್ನು ಬ್ಲೇಡಿನ ಕಡೆಗೆ ಎಳೆಯುತ್ತದೆ, ನಡುವಿಗೆ ತಂದರೆ ನಿಲ್ಲುತ್ತದೆ. ದಂಟು ಸಿಕ್ಕಿಕೊಂಡರೆ ಗೇರು ನಡುವಿಗೆ ತಂದು ಕೈಯಲ್ಲೇ ಕೀಳಬಹುದು ಎಂದು ಮಾರಿದವನೇ ಮಾಡಿ ತೋರಿಸಿದ್ದ. ರತ್ನಕ್ಕ ಹಾಗೇ ಮಾಡಿದಳು. ಗೇರು ನಡುವಿನಲ್ಲೇ ಇತ್ತು. ರೋಲರು ಮಾತ್ರ ತಾನಾಗಿ ತಿರುಗಿ ಬಲಗೈಯನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಿತು.

ಆಸ್ಪತ್ರೆಗೆ ಮಿಷನ್ನು ಮಾಡಿದ ಕಂಪನಿಯ ಕಡೆಯವನೊಬ್ಬ ಸೇಬಿನ ಚೀಲ ಹಿಡಿದು ಬಂದ. ಮಂಚದ ಪಕ್ಕ ನಾನೂ ಇದ್ದೆ. “ಹೇಗಾಯ್ತಮ್ಮಾ?” ಎಂದು ಕಣ್ಣು ಒರೆಸಿಕೊಂಡ. ನೋಡಲು ಬಂದವರ ಮನಸ್ಸು ನೋಯಬಾರದೆಂದು ನೋವು ತಿಂದವರೇ ಸಮಾಧಾನ ಹೇಳುವುದು ಈ ಕಡೆಯ ಹಳ್ಳಿಗಳ ಮರ್ಯಾದೆ. ರತ್ನಕ್ಕ ಆ ಮರ್ಯಾದೆಯನ್ನು ಅರೆಪ್ರಜ್ಞೆಯಲ್ಲೂ ಬಿಡಲಿಲ್ಲ. “ನೀನ್ಯಾಕಪ್ಪಾ ಅಳ್ತೀಯ? ತಪ್ಪು ನಂದೇ ಬುಡು. ಗ್ಯಾನ ಎಲ್ಲೋ ಇತ್ತು.” ಆ ಪಾಪಿಯ ಜೇಬಿನಲ್ಲಿ ಫೋನು ರೆಕಾರ್ಡ್ ಆಗುತ್ತಿತ್ತೆಂದು ಯಾರಿಗೆ ಗೊತ್ತು?

ಅದೇ ಮಾತನ್ನು ನಾರಾಯಣಪ್ಪನೂ ಕೇಳಿಸಿಕೊಂಡಿದ್ದ. ನಂಬಿಯೂ ಬಿಟ್ಟ. “ಅವ್ಳೇ ಒಪ್ಕೊಂಡವ್ಳೆ, ಮಿಷನ್ ಮೇಲ್ ಯಾಕಮ್ಮಾ ಆಕ್ತೀಯ?” ಎಂದು ನನ್ನನ್ನೇ ಗದರಿದ. ಮನೆಯಲ್ಲಿ ತಟ್ಟೆ ಮುಂದೆ ಕೂತಾಗಲೆಲ್ಲ “ಕಣ್ಣೇನು ಅಟ್ಟದ ಮೇಲಿತ್ತಾ?” ಎನ್ನುತ್ತಿದ್ದ. ರತ್ನಕ್ಕ ಅತ್ತದ್ದು ಅದಕ್ಕೆ. “ಕೈ ಓದ್ರೆ ಓಗ್ಲಿ ಶಾಂತಿ. ಆಯಪ್ಪ ನಂಬಲ್ವಲ್ಲ. ಗೇರು ನಡುವುಕ್ಕೇ ಆಕಿದ್ದೆ ಕಣೇ. ನನ್ನ ಮಕ್ಕಳಾಣೆ, ನಡುವುಕ್ಕೇ ಆಕಿದ್ದೆ.”

ಹಠ ಹಿಡಿದು ನಾನೇ ಅವಳನ್ನು ಬಂಗಾರಪೇಟೆಯ ವಕೀಲೆಯೊಬ್ಬರ ಹತ್ತಿರ ಕರೆದೊಯ್ದೆ. ದೋಷವಿರುವ ಮಾಲು ಮಾಡಿದವನು, ಅದರಿಂದ ಗಾಯವಾದರೆ ಹೊಣೆ ಹೊರಲೇಬೇಕು, ಕಾನೂನು ಇದೆ ಎಂದರು ಅವರು. ಆದರೆ ದೋಷ ಇತ್ತೆಂದು ನಾವು ತೋರಿಸಬೇಕು. ಪರೀಕ್ಷೆಯಾಗುವವರೆಗೂ ಮಿಷನ್ನನ್ನು ಯಾರೂ ಮುಟ್ಟಬಾರದು. “ಆ ‘ತಪ್ಪು ನಂದೇ’ ಅನ್ನೋದನ್ನ ಮಾತ್ರ ಇನ್ನು ಬಾಯಿಗೆ ತರಬೇಡಿ ತಾಯಿ” ಎಂದು ಕೈಮುಗಿದರು.

ಮಿಷನ್ನು ಕೊಟ್ಟಿಗೆಯಲ್ಲೇ ಟಾರ್ಪಾಲು ಹೊದ್ದು ನಿಂತಿತು. ಅದರ ಪಕ್ಕದಲ್ಲೇ ಕೂತು ರತ್ನಕ್ಕ ಮೇವಿನ ಕಟ್ಟನ್ನು ಪಾದದ ಕೆಳಗೆ ಒತ್ತಿ ಹಿಡಿದು, ಎಡಗೈಯಲ್ಲಿ ಕುಡುಗೋಲು ಆಡಿಸುತ್ತಿದ್ದಳು. ನೋಡಲಾಗುತ್ತಿರಲಿಲ್ಲ.

ಗ್ರಾಹಕರ ಕೋರ್ಟಿನಲ್ಲಿ ಕಂಪನಿಯ ವಕೀಲರು ಆ ರೆಕಾರ್ಡನ್ನು ಕೇಳಿಸಿದರು. ತನ್ನ ದನಿ ತಾನೇ ಕೇಳಿ ಅವಳ ಮುಖ ಬಿಳಿಚಿಕೊಂಡಿತು. “ಅದು ಮರ್ಯಾದೆ ಮಾತು ಸ್ವಾಮಿ. ನಡೆದದ್ದು ಬ್ಯಾರೆ” ಎಂದಳು. “ಅಂದರೆ ಸುಳ್ಳು ಹೇಳುವ ಅಭ್ಯಾಸವಿದೆ ಎನ್ನಿ” ಎಂದರು ಆ ಮಹಾನುಭಾವರು. ನನ್ನ ಬಾಯಿಗೆ ಬಂದದ್ದನ್ನು ನಮ್ಮ ವಕೀಲೆ ತೊಡೆ ಚಿವುಟಿ ತಡೆದರು. ಕೊನೆಗೆ, ತಜ್ಞರೊಬ್ಬರು ಹೋಗಿ ಮಿಷನ್ನು ಪರೀಕ್ಷಿಸಲಿ ಎಂದು ಆದೇಶವಾಯಿತು. ಆ ದಿನ ಬಸ್ಸಿನಲ್ಲಿ ಅವಳು ಸ್ವಲ್ಪ ಗೆಲುವಾಗಿದ್ದಳು.

ಕಂಪನಿಯವರು ಒಂದಲ್ಲ ಒಂದು ನೆಪ ಹೇಳಿ ಪರೀಕ್ಷೆಯನ್ನು ಮುಂದೂಡಿಸುತ್ತಲೇ ಹೋದರು. ಇತ್ತ ರತ್ನಕ್ಕನದು ಸಕ್ಕರೆ ಕಾಯಿಲೆಯ ಮೈ, ಮಾಗಿದ ಗಾಯ ಮತ್ತೆ ಕೀವಾಯಿತು, ಜ್ವರ ಬಿಡಲಿಲ್ಲ. ಕೊನೆಯ ಸಲ ನಾನು ಹೋದಾಗ ಗೋಡೆ ಕಡೆ ತಿರುಗಿ ಮಲಗಿದ್ದಳು. “ಮಿಷನ್ ನೋಡಕ್ಕೆ ಬಂದ್ರಾ?” ಎಂದಳು.

“ಇಲ್ಲಕ್ಕಾ. ಬರ್ತಾರೆ.”

“ನೀನು ಅಂಗಡಿ ಬುಟ್ಟು ಬಂದಿದ್ಯ. ಓಗವ್ವಾ, ಗಿರಾಕಿ ಕಾಯ್ತಿರ್ತಾರೆ.” ಆ ವಾರವೇ ತೀರಿಕೊಂಡಳು.

ಕೇಸಿನಲ್ಲಿ ಅವಳ ಜಾಗಕ್ಕೆ ನಾರಾಯಣಪ್ಪನ ಹೆಸರು ಬಂತು. ವಕೀಲೆಯ ಒತ್ತಾಯಕ್ಕೆ, ಒಲ್ಲದ ಮನಸ್ಸಿನಿಂದ ಸಹಿ ಹಾಕಿದ. ತಿಥಿಯೆಲ್ಲ ಮುಗಿದ ಮೇಲೆ ತಜ್ಞರು ಬಂದರು. ಕಂಪನಿಯವನೂ ಬಂದಿದ್ದ, ಊರವರೂ ಕೊಟ್ಟಿಗೆ ಮುಂದೆ ಸೇರಿದ್ದರು. ಟಾರ್ಪಾಲು ತೆಗೆದು, ಮೋಟಾರು ಹಾಕಿ, ಗೇರನ್ನು ನಡುವಿಗೆ ತಂದು, ತಜ್ಞರು ಜೋಳದ ದಂಟಿನ ಕಟ್ಟೊಂದನ್ನು ಮಿಷನ್ನಿನ ಬಾಯಿಗಿಟ್ಟು ಹಿಂದೆ ಸರಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಕಂಪನಿಯವನು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಕಡಕ್ಕೆಂದಿತು. ಯಾರೂ ಮುಟ್ಟದೆಯೇ ರೋಲರು ತಿರುಗಿ, ಕಟ್ಟನ್ನು ಒಳಗೆಳೆದು, ಚೂರು ಚೂರಾಗಿ ಉಗುಳಿತು.

ನಾರಾಯಣಪ್ಪ “ಇನ್ನೊಂದ್ ಕಿತ ಆಕಿ ಸಾಮಿ” ಎಂದ. ತಜ್ಞರು ಮತ್ತೆ ಹಾಕಿದರು. ನಾರಾಯಣಪ್ಪ ಬಗ್ಗಿ, ಗೇರಿನ ಹತ್ತಿರಕ್ಕೆ ಮುಖ ತಂದು ನೋಡಿದ. ಮತ್ತೆ ಕಡಕ್ಕೆಂದಿತು. ಅವನು ತಟ್ಟನೆ ಎದ್ದು ಮನೆಯ ಕಡೆ ತಿರುಗಿ, ಊರಿಗೆಲ್ಲ ಕೇಳುವ ಹಾಗೆ ಕೂಗಿದ:

“ಏ ರತ್ನಾ, ಬಾರೇ ಇಲ್ಲಿ! ಗೇರು ನಡುವ್ನಾಗೇ ಐತೆ ಕಣೇ!”